ಘಟ್ಟದ ಹಳಿ ಕಲಿಸುವ ಪಾಠ

ಆಷಾಢದ ಮಳೆ ಹಿಡಿಯಿತೆಂದರೆ ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಊರುಗಳಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಏಳುತ್ತದೆ: ಈ ಸಲ ರೈಲು ಎಷ್ಟು ದಿನ ನಿಲ್ಲುತ್ತದೆ? 2024ರ ಜುಲೈ 26ರಂದು ಯಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಬುಡದ ಮಣ್ಣು ಕುಸಿದು ಕಣಿವೆಗೆ ಜಾರಿತು. ಬೆಂಗಳೂರು ಮತ್ತು ಮಂಗಳೂರಿನ ನಡುವಿನ ಪ್ರಯಾಣಿಕರ ರೈಲುಗಳು ಸುಮಾರು ಎರಡು ವಾರ ಸ್ಥಗಿತಗೊಂಡವು. ಸುರಿಯುವ ಮಳೆಯಲ್ಲಿ ನೂರಾರು ಕಾರ್ಮಿಕರು ಹಗಲಿರುಳು ತಂತಿಬಲೆಗೆ ಕಲ್ಲು ತುಂಬಿ ಗೋಡೆ ಕಟ್ಟಿ ಹಳಿಯನ್ನು ಎತ್ತಿ ನಿಲ್ಲಿಸಿದರು. ಅದೇ ತಿಂಗಳ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜನ ಮಣ್ಣುಪಾಲಾಗಿದ್ದರು. 30ರಂದು ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಒಂದೇ ತಿಂಗಳು, ಒಂದೇ ಸಹ್ಯಾದ್ರಿ. ಇವುಗಳನ್ನು ಬಿಡಿಬಿಡಿ ಅಪಘಾತಗಳೆಂದು ಬರೆದಿಟ್ಟು ಮರೆಯುವುದು ಸುಲಭ. ಆದರೆ ಹಾಸನ–ಮಂಗಳೂರು ರೈಲುಮಾರ್ಗದ ಆರು ದಶಕಗಳ ಕಥೆಯನ್ನು ಸಾವಧಾನವಾಗಿ ಓದಿದರೆ, ಬೆಟ್ಟಕ್ಕೂ ಅಭಿವೃದ್ಧಿಗೂ ಇರುವ ಸಂಬಂಧದ ಲೆಕ್ಕ ಸ್ಪಷ್ಟವಾಗಿ ಕಾಣಿಸುತ್ತದೆ. ಘಟ್ಟಕ್ಕೆ ಇನ್ನಷ್ಟು ಹಳಿ, ಇನ್ನಷ್ಟು ರಸ್ತೆ ಬೇಕೆಂಬ ಕೂಗು ಬಲವಾಗುತ್ತಿರುವ ಈ ದಿನಗಳಲ್ಲಿ ಆ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಅಗತ್ಯ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದು ಘಟ್ಟ ಇಳಿದು ಬಂದದ್ದಲ್ಲ, ಮಲಬಾರಿನ ಕಡಲತೀರವನ್ನು ಹಿಡಿದು ದಕ್ಷಿಣದಿಂದ ಬಂದದ್ದು. ಅಂದು ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ; ಘಟ್ಟದ ಮೇಲಿನದು ಮೈಸೂರು ಸಂಸ್ಥಾನ. ಮೈಸೂರು–ಅರಸೀಕೆರೆ ಮೀಟರ್ ಗೇಜ್ ಹಳಿ ಹಾಸನದ ಮೇಲೆ ಹಾದುಹೋಯಿತೇ ಹೊರತು ಪಶ್ಚಿಮಕ್ಕೆ ತಿರುಗಲಿಲ್ಲ. ಮಲೆನಾಡಿನ ಕಾಫಿ, ಏಲಕ್ಕಿ, ಅಡಿಕೆ ಗಾಡಿಗಳಲ್ಲಿ ಘಟ್ಟದ ರಸ್ತೆ ಇಳಿದು ಮಂಗಳೂರಿನ ಬಂದರು ಸೇರುತ್ತಿದ್ದವು. ಬರುವಾಗ ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಹತ್ತುತ್ತಿದ್ದವು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೂ ರೈಲಿನಲ್ಲಿ ರಾಜಧಾನಿಯಿಂದ ಮಂಗಳೂರಿಗೆ ಹೋಗಬೇಕಾದವನು ಜೋಲಾರಪೇಟೆ, ಪಾಲಕ್ಕಾಡು, ಶೋರನೂರುಗಳನ್ನು ಸುತ್ತಿಕೊಂಡು ಎರಡು ಅನ್ಯ ರಾಜ್ಯಗಳನ್ನು ದಾಟಬೇಕಿತ್ತು. ಕರಾವಳಿಯ ಜನ ಘಟ್ಟದ ಮೇಲೆ ನೇರ ರೈಲು ಬೇಕೆಂದು ದಶಕಗಳ ಕಾಲ ಕೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ.

ಆದರೆ ಕೊನೆಗೆ ಹಳಿ ಹಾಕಲು ಕಾರಣವಾದದ್ದು ಜನರ ಬೇಡಿಕೆಗಿಂತ ಹೆಚ್ಚಾಗಿ ಅದಿರು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟುವ ಯೋಜನೆಯೂ ಹೊಸಪೇಟೆ–ಬಳ್ಳಾರಿ ಭಾಗದ ಕಬ್ಬಿಣದ ಅದಿರನ್ನು ಕಡಲಿಗೆ ಸಾಗಿಸುವ ಯೋಚನೆಯೂ ಕೂಡಿಕೊಂಡಾಗ 1960ರ ದಶಕದ ಮಧ್ಯಭಾಗದಲ್ಲಿ ಹಾಸನ–ಮಂಗಳೂರು ಮಾರ್ಗದ ಕೆಲಸ ಆರಂಭವಾಯಿತು. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿ 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ರೈಲುಮಾರ್ಗ ಮಾತ್ರ ಪೂರ್ಣಗೊಂಡದ್ದು 1979ರಲ್ಲಿ. ಎರಡೂ ತುದಿಗಳ ಸಮತಟ್ಟಾದ ಭಾಗ ಬೇಗ ಮುಗಿದರೂ ನಡುವಿನ ಘಟ್ಟ ವರ್ಷಗಟ್ಟಲೆ ಎಂಜಿನಿಯರುಗಳ ತಾಳ್ಮೆಯನ್ನು ಪರೀಕ್ಷಿಸಿತು.

ಆ ಘಟ್ಟದ ಸ್ವರೂಪವನ್ನು ವಿದ್ಯಾರ್ಥಿಗಳು ಅರಿತಿರಬೇಕು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿ.ಮೀ. ಈ ದೂರದ ಕಡಿದಾದ ಭಾಗಗಳಲ್ಲಿ ಹಳಿ ಪ್ರತಿ 50 ಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತದೆ. ದೋಣಿಗಾಲ್, ಕಡಗರವಳ್ಳಿ, ಯಡಕುಮೇರಿ, ಸಿರಿಬಾಗಿಲು ಎಂಬ ಪುಟ್ಟ ನಿಲ್ದಾಣಗಳ ನಡುವೆ 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು, ಬಿಗಿಯಾದ ತಿರುವುಗಳು. ಗೂಡ್ಸ್ ರೈಲು ಮೇಲೇರಬೇಕಾದರೆ ಹಿಂದಿನಿಂದ ದೂಡಲು ಬ್ಯಾಂಕರ್ ಎಂಜಿನ್‌ಗಳು ಬೇಕು; ಇಳಿಯುವಾಗ ಗಾಡಿ ಹಿಡಿತ ತಪ್ಪಿದರೆ ತಡೆದು ನಿಲ್ಲಿಸಲು ಪ್ರತ್ಯೇಕ ಹಳಿಗಳನ್ನು ಹಾಕಿಡಬೇಕು. ಪ್ರಯಾಣಿಕರ ರೈಲೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ತೆವಳುತ್ತದೆ. ಎಂಜಿನಿಯರಿಂಗ್ ಸಾಧನೆಯಾಗಿ ಇದು ನಿಜಕ್ಕೂ ದೊಡ್ಡದು. ಆದರೆ ಸುರಂಗಗಳ ಸಂಖ್ಯೆ, ಸೇತುವೆಗಳ ಸಂಖ್ಯೆ ಎಲ್ಲರ ಬಾಯಲ್ಲಿರುವಂತೆ, ಸುರಂಗ ಕೊರೆದ ಕೈಗಳು ಯಾರವು, ಅಗೆದು ತೆಗೆದ ಕಲ್ಲುಮಣ್ಣನ್ನು ಯಾವ ಹಳ್ಳಕ್ಕೆ ಸುರಿಯಲಾಯಿತು, ಕಡಿದ ಕಾಡೆಷ್ಟು ಎಂಬ ಲೆಕ್ಕ ಯಾರ ಬಾಯಲ್ಲೂ ಇಲ್ಲ. ಆ ಕಾಲದಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಯೇ ಇರಲಿಲ್ಲ. ಅದು ಬಂದದ್ದು ಹಳಿ ಹಾಕಿ ಮುಗಿದ ಮರುವರ್ಷ, 1980ರಲ್ಲಿ.

ಇಷ್ಟು ಕಷ್ಟಪಟ್ಟು ಹಾಕಿದ ಮೀಟರ್ ಗೇಜ್ ಹಳಿ ಎರಡು ದಶಕವೂ ಪೂರ್ತಿಯಾಗಿ ಬಾಳಲಿಲ್ಲ ಎಂಬುದು ಈ ಕಥೆಯ ವಿಪರ್ಯಾಸ. ಭಾರದ ಅದಿರಿಗೆ ಮೀಟರ್ ಗೇಜ್ ಸಾಲದಾಯಿತು. ಕುದುರೆಮುಖದ ಅದಿರು ಕೊಳವೆಯಲ್ಲಿ ಕೆಸರಾಗಿ ಹರಿದು ಬಂದರಿಗೆ ಹೋಯಿತು. ದೇಶದ ಹಳಿಗಳನ್ನೆಲ್ಲ ಬ್ರಾಡ್ ಗೇಜ್‌ಗೆ ಪರಿವರ್ತಿಸುವ ಕಾರ್ಯಕ್ರಮ ಬಂದಾಗ 1990ರ ದಶಕದ ಮಧ್ಯಭಾಗದಲ್ಲಿ ಘಟ್ಟದಲ್ಲಿ ಗಾಡಿ ನಿಂತಿತು. ಆಮೇಲೆ ಹಣವಿಲ್ಲವೆಂದು ಕೆಲಸವೂ ನಿಂತಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರಿನವರು ಮತ್ತೆ ಶೋರನೂರು ಸುತ್ತಿದರು, ಇಲ್ಲವೇ ಶಿರಾಡಿಯ ಹೊಂಡಗಳಲ್ಲಿ ರಾತ್ರಿ ಬಸ್ಸಿನಲ್ಲಿ ಕುಲುಕಿದರು. ಘಟ್ಟ ಮಾತ್ರ ಸುಮ್ಮನಿರಲಿಲ್ಲ. ಹಳಿಯ ಬದಿಗೆ ಹುಲ್ಲು, ಜರಿಗಿಡ, ಬಿದಿರು ಎದ್ದವು. ಸುರಂಗಗಳಲ್ಲಿ ಬಾವಲಿಗಳು ಮನೆ ಮಾಡಿದವು. ಚಾರಣಿಗರು ಆ ಹಳಿಯ ಮೇಲೆ ನಡೆದು ಅದನ್ನು ‘ಹಸಿರು ಹಾದಿ’ ಎಂದು ಕರೆದರು. ಅವರಲ್ಲಿ ಕೆಲವರು ಕಾಡನ್ನು ಪ್ರೀತಿಸಲು ಕಲಿತರು, ಹಲವರು ಪ್ಲಾಸ್ಟಿಕ್ ಬಿಟ್ಟುಹೋದರು.

2003ರಲ್ಲಿ ರೈಲ್ವೆ ಇಲಾಖೆ ಮತ್ತು ಕರ್ನಾಟಕ ಸರ್ಕಾರದ ಸಹಭಾಗಿತ್ವದಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಸ್ಥಾಪನೆಯಾದ ಮೇಲೆ ಕೆಲಸ ಚುರುಕಾಯಿತು. 2006ರಲ್ಲಿ ಗೂಡ್ಸ್ ರೈಲುಗಳು ಓಡತೊಡಗಿದವು. ಪ್ರಯಾಣಿಕರು ಕಾಯಬೇಕಾದದ್ದು 2007ರ ಡಿಸೆಂಬರ್‌ವರೆಗೆ. ಈ ಕ್ರಮವೇ ಆದ್ಯತೆ ಯಾವುದೆಂಬುದನ್ನು ಹೇಳುತ್ತದೆ. ಅವು ಬಳ್ಳಾರಿಯ ಅದಿರು ಚೀನಾಕ್ಕೆ ಹರಿಯುತ್ತಿದ್ದ ವರ್ಷಗಳು. ಆದರೆ 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಯಾವ ಸರಕಿಗಾಗಿ ಬೆಟ್ಟವನ್ನು ಕೊರೆಯಲಾಯಿತೋ ಆ ಸರಕು, ಹಳಿ ಅಗಲವಾದ ಐದೇ ವರ್ಷಗಳಲ್ಲಿ ನಿಂತುಹೋಯಿತು. ಮುಂದೆ ಕಲ್ಲಿದ್ದಲು, ಗೊಬ್ಬರ, ಇಂಧನಗಳು ಆ ಜಾಗವನ್ನು ತುಂಬಿದವು. ನ್ಯಾಯಾಲಯ 2022ರಲ್ಲಿ ರಫ್ತಿನ ನಿರ್ಬಂಧವನ್ನು ಸಡಿಲಿಸಿತು. ಪೇಟೆಯ ಧಾರಣೆ ಏರುತ್ತದೆ, ಇಳಿಯುತ್ತದೆ. ಕಡಿದ ಬೆಟ್ಟ ಮಾತ್ರ ಮತ್ತೆ ಏಳುವುದಿಲ್ಲ. ಹತ್ತು ವರ್ಷದ ವ್ಯಾಪಾರಕ್ಕಾಗಿ ಹತ್ತು ಲಕ್ಷ ವರ್ಷದ ಇಳಿಜಾರನ್ನು ಒಡೆಯುವ ಮುನ್ನ ಯೋಚಿಸಬೇಕೆಂಬುದು ಈ ಮಾರ್ಗ ಕಲಿಸುವ ಮೊದಲನೆಯ ಪಾಠ.

ಎರಡನೆಯ ಪಾಠ ಮಣ್ಣು ಮತ್ತು ನೀರಿನದು. ಘಟ್ಟದ ಇಳಿಜಾರು ಮೇಲ್ನೋಟಕ್ಕೆ ಬಂಡೆಯಂತೆ ಕಂಡರೂ ಅದರ ಮೇಲೆ ಶಿಥಿಲಗೊಂಡ ಕಲ್ಲು ಮತ್ತು ಕೆಮ್ಮಣ್ಣಿನ ದಪ್ಪ ಹೊದಿಕೆಯಿದೆ. ಮರದ ಬೇರುಗಳು ಆ ಹೊದಿಕೆಯನ್ನು ಹಿಡಿದಿರುತ್ತವೆ. ಮಳೆಯ ನೀರು ನಿಧಾನವಾಗಿ ಇಂಗಿ, ಒಳಗಿನ ಬಂಡೆಯ ಮೇಲೆ ಜಿನುಗಿ, ಒರತೆಯಾಗಿ ಹಳ್ಳ ಸೇರುತ್ತದೆ. ರಸ್ತೆಗೋ ಹಳಿಗೋ ಇಳಿಜಾರಿನ ಕಾಲನ್ನು ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಕಡಿದ ಮಣ್ಣನ್ನು ಕೆಳಬದಿಗೆ ಸುರಿದಾಗ ಅಲ್ಲಿ ಹಿಡಿತವಿಲ್ಲದ ಹೊಸ ಒಡ್ಡೊಂದು ಹುಟ್ಟುತ್ತದೆ. ನೀರಿನ ಸಹಜ ದಾರಿ ಮುಚ್ಚಿಹೋದರೆ ಅದು ಮಣ್ಣಿನೊಳಗೇ ತುಂಬಿ, ಭಾರವಾಗಿ, ಒಂದು ರಾತ್ರಿ ಎಲ್ಲವನ್ನೂ ಹೊತ್ತು ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕುಸಿದ ದಿನಗಳಲ್ಲಿಯೇ ಈ ರೈಲು ಘಟ್ಟದ ಹತ್ತಾರು ಕಡೆ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತ್ತು. 2019ರಲ್ಲೂ ಹಾಗೆಯೇ ಆಯಿತು, 2024ರಲ್ಲೂ ಆಯಿತು. ಸುರಂಗದೊಳಗೆ ಅಪಾಯ ಕಡಿಮೆ. ಬಹುಪಾಲು ಕುಸಿತಗಳು ಸಂಭವಿಸುವುದು ಎರಡು ಸುರಂಗಗಳ ನಡುವೆ, ಗುಡ್ಡವನ್ನು ಅರ್ಧ ಕಡಿದು ಅರ್ಧ ತುಂಬಿಸಿದ ತಾಣಗಳಲ್ಲಿ. ಇದನ್ನು ‘ಪ್ರಕೃತಿ ವಿಕೋಪ’ ಎಂದಷ್ಟೇ ಕರೆದು ಕೈತೊಳೆದುಕೊಂಡರೆ ಅದು ಅರ್ಧಸತ್ಯವಾಗುತ್ತದೆ. ಮಳೆ ಪ್ರಕೃತಿಯದು, ಇಳಿಜಾರಿನ ಗಾಯ ಮನುಷ್ಯನದು.

ನೆರೆಯ ಕೊಂಕಣ ರೈಲ್ವೆ ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಕಲಿಯಿತು. 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆದುಕೊಂಡಾಗ ಅದನ್ನು ಶತಮಾನದ ಸಾಧನೆಯೆಂದು ಕೊಂಡಾಡಲಾಯಿತು. 2003ರ ಜೂನ್‌ನಲ್ಲಿ ವೈಭವವಾಡಿಯ ಬಳಿ ಗುಡ್ಡದಿಂದ ಉರುಳಿದ ಬಂಡೆಗಳಿಗೆ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು ಡಿಕ್ಕಿ ಹೊಡೆದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಅದೇ ರೀತಿಯ ಅಪಘಾತಕ್ಕೀಡಾಯಿತು. ಅನಂತರ ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ, ತಗ್ಗಿಸಿದ ವೇಗ, ಹಗಲಿರುಳು ಕಾವಲು, ಕಡಿದ ಗುಡ್ಡಗಳಿಗೆ ಬಲೆ, ಇಳಿಜಾರಿನ ಮರುರೂಪಣೆ ಇವೆಲ್ಲವೂ ಬಂದವು. ಬೆಟ್ಟದಲ್ಲಿ ಹಳಿ ಹಾಕಿದ ದಿನವೇ ಖರ್ಚು ಮುಗಿಯುವುದಿಲ್ಲ. ಪ್ರತಿ ಮಳೆಗಾಲವೂ ಬೆಟ್ಟ ತನ್ನ ಬಾಡಿಗೆಯನ್ನು ಕೇಳುತ್ತದೆ. ಯೋಜನಾ ವರದಿಗಳ ಲಾಭ–ನಷ್ಟದ ಕೋಷ್ಟಕಗಳಲ್ಲಿ ಈ ಬಾಡಿಗೆಗೂ ಒಂದು ಸಾಲು ಇರಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಪರಿಸರ ಚಳವಳಿ ರೈಲಿನ ವಿರೋಧಿಯೆಂದು ಯಾರೂ ತಿಳಿಯಬಾರದು. ಒಂದೇ ತೂಕದ ಸರಕನ್ನು, ಒಂದೇ ಸಂಖ್ಯೆಯ ಜನರನ್ನು ಸಾಗಿಸಲು ರೈಲಿಗೆ ಬೇಕಾಗುವ ಭೂಮಿಯೂ ಇಂಧನವೂ ಚತುಷ್ಪಥ ರಸ್ತೆಗೆ ಬೇಕಾದುದಕ್ಕಿಂತ ಬಹಳ ಕಡಿಮೆ. ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗೆ, ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ, ಬೆಂಗಳೂರಿನಲ್ಲಿ ದುಡಿಯುವ ಕರಾವಳಿಯ ಹುಡುಗನಿಗೆ, ಕುಕ್ಕೆಗೆ ಬರುವ ಬಡ ಯಾತ್ರಿಕನಿಗೆ ರೈಲಿನಷ್ಟು ಅಗ್ಗದ, ಸುರಕ್ಷಿತ ವಾಹನ ಬೇರೊಂದಿಲ್ಲ. 2025ರಲ್ಲಿ ಹಗಲಿನ ಪ್ರಯಾಣಿಕರ ರೈಲುಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿ ಘಟ್ಟದಲ್ಲಿ ವಿದ್ಯುದೀಕರಣದ ಕೆಲಸ ನಡೆಸಲಾಯಿತು. ಜನರಿಗೆ ತೊಂದರೆಯಾದರೂ ಇದು ಸ್ವಾಗತಾರ್ಹ ಹೆಜ್ಜೆಯೇ ಸರಿ. ವಿದ್ಯುತ್ ಎಂಜಿನ್ ಬಂದರೆ ಸುರಂಗಗಳಲ್ಲಿ ಡೀಸೆಲ್ ಹೊಗೆ ಇರುವುದಿಲ್ಲ. ಇಂದಿನ ವಿದ್ಯುತ್ ಎಂಜಿನ್‌ಗಳು ಇಳಿಯುವಾಗ ಬ್ರೇಕಿನ ಶಕ್ತಿಯನ್ನೇ ವಿದ್ಯುತ್ತಾಗಿಸಿ ತಂತಿಗೆ ಮರಳಿಸಬಲ್ಲವು. ಅಂದರೆ ಹೊಸದಾಗಿ ಒಂದು ಮರವನ್ನೂ ಬುಡಮೇಲು ಮಾಡದೆ, ಇರುವ ಹಳಿಯ ಸಾಮರ್ಥ್ಯವನ್ನು ಹೆಚ್ಚಿಸುವ ದಾರಿಗಳು ಇವೆ.

ಪ್ರಶ್ನೆ ಇರುವುದು, ಆ ದಾರಿಗಳನ್ನೆಲ್ಲ ಮುಗಿಸುವ ಮೊದಲೇ ಎರಡನೆಯ ಹಳಿಗೆ, ಹೊಸ ಮಾರ್ಗಕ್ಕೆ ಕೈಹಾಕಬೇಕೇ ಎಂಬುದರಲ್ಲಿ. ಶಿರಾಡಿಯ ಕಿರಿದಾದ ಪಟ್ಟಿಯಲ್ಲಿ ಈಗಾಗಲೇ ಏನೆಲ್ಲ ಸೇರಿಕೊಂಡಿದೆ ಎಂದು ಎಣಿಸಿ ನೋಡಬೇಕು. ರಾಷ್ಟ್ರೀಯ ಹೆದ್ದಾರಿ ಮತ್ತು ಅದರ ಅಗಲೀಕರಣ. ಸುರಂಗ ಹೆದ್ದಾರಿಯ ಪ್ರಸ್ತಾಪ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಕೊಳವೆ. ವಿದ್ಯುತ್ ಪ್ರಸರಣ ಮಾರ್ಗಗಳು. ಕಿರು ಜಲವಿದ್ಯುತ್ ಘಟಕಗಳು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಗೊಂಡ ಎತ್ತಿನಹೊಳೆ ತಿರುವು ಯೋಜನೆ. ಇವೆಲ್ಲವೂ ನೇತ್ರಾವತಿ, ಕುಮಾರಧಾರಾ ನದಿಗಳ ತಲೆಯಲ್ಲಿವೆ, ಆನೆಗಳ ಓಡಾಟದ ದಾರಿಯಲ್ಲಿವೆ. ಪ್ರತಿಯೊಂದಕ್ಕೂ ಪ್ರತ್ಯೇಕ ಇಲಾಖೆ, ಪ್ರತ್ಯೇಕ ಕಡತ, ಪ್ರತ್ಯೇಕ ಅನುಮತಿ. ಪ್ರತಿಯೊಬ್ಬರೂ ‘ನಮ್ಮದರಿಂದ ಆಗುವ ಹಾನಿ ಅತ್ಯಲ್ಪ’ ಎಂದು ಬರೆದುಕೊಡುತ್ತಾರೆ. ಬೆಟ್ಟಕ್ಕೆ ಮಾತ್ರ ಪ್ರತ್ಯೇಕ ಕಡತವಿಲ್ಲ. ಅದು ಎಲ್ಲರ ಭಾರವನ್ನೂ ಒಟ್ಟಿಗೆ ಹೊರಬೇಕು.

ಕಾನೂನಿನಲ್ಲಿಯೂ ಒಂದು ದೊಡ್ಡ ಕಂಡಿಯಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಬಂದರು, ಹೆದ್ದಾರಿ, ಅಣೆಕಟ್ಟು, ಗಣಿ ಎಲ್ಲವೂ ಇವೆ, ರೈಲುಮಾರ್ಗ ಇಲ್ಲ. ಅಂದರೆ ಎಷ್ಟೇ ಉದ್ದದ ಹಳಿಯನ್ನು ಎಂತಹ ಘಟ್ಟದಲ್ಲಿ ಹಾಕುವುದಾದರೂ ಪರಿಸರ ಪರಿಣಾಮದ ಅಧ್ಯಯನವಾಗಲಿ, ಊರಿನ ಜನರ ಮುಂದೆ ಸಾರ್ವಜನಿಕ ಅಹವಾಲು ಸಭೆಯಾಗಲಿ ಆ ಅಧಿಸೂಚನೆಯಂತೆ ಕಡ್ಡಾಯವಲ್ಲ. ಅರಣ್ಯ ಮತ್ತು ವನ್ಯಜೀವಿ ಕಾಯ್ದೆಗಳ ಅನುಮತಿಯೊಂದೇ ಉಳಿದಿರುವ ತಡೆ.

ಆ ತಡೆ ನಿರರ್ಥಕವಲ್ಲ ಎಂಬುದಕ್ಕೆ ಉತ್ತರ ಕನ್ನಡವೇ ಸಾಕ್ಷಿ. 1990ರ ದಶಕದ ಕೊನೆಯಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಸುಮಾರು 164 ಕಿ.ಮೀ. ಉದ್ದದ್ದು. ಅದಕ್ಕೆ ಸುಮಾರು 596 ಹೆಕ್ಟೇರ್ ಅರಣ್ಯ ಬೇಕಿತ್ತು, ಎರಡು ಲಕ್ಷಕ್ಕೂ ಮಿಕ್ಕಿ ಮರಗಳು ಬೀಳಬೇಕಿತ್ತು. ಅಲ್ಲಿಯೂ ಮೂಲ ಪ್ರೇರಣೆ ಬಳ್ಳಾರಿಯ ಅದಿರೇ. ಸರ್ವೋಚ್ಚ ನ್ಯಾಯಾಲಯದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2015ರಲ್ಲಿ ಆ ಯೋಜನೆ ಬೇಡವೆಂದು ಶಿಫಾರಸು ಮಾಡಿತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಾಗ ಉಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದಿರಿನ ವಾದ ಬಿದ್ದುಹೋದ ಮೇಲೆ ಅದೇ ಮಾರ್ಗಕ್ಕೆ ಬಂದರು, ಪ್ರವಾಸೋದ್ಯಮ, ಪ್ರಾದೇಶಿಕ ಅಭಿವೃದ್ಧಿ ಎಂಬ ಹೊಸ ಕಾರಣಗಳು ಹುಟ್ಟಿಕೊಂಡವು. ಕಾರಣ ಬದಲಾದರೂ ನಕ್ಷೆ ಬದಲಾಗದಿದ್ದರೆ ಜನರಿಗೆ ಅನುಮಾನ ಬರುವುದು ಸಹಜ. ಇನ್ನೊಂದೆಡೆ, ಪೋರ್ಚುಗೀಸರ ಕಾಲದಿಂದ ಇರುವ ಕ್ಯಾಸಲ್‌ರಾಕ್–ಕುಲೆಮ್ ಘಟ್ಟದ ಹಳಿಯನ್ನು ಜೋಡಿಯಾಗಿಸಲು ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ 9ರಂದು ರದ್ದುಪಡಿಸಿತು. ಅಗತ್ಯವನ್ನೂ ಪರಿಣಾಮವನ್ನೂ ಸವಿವರವಾಗಿ ಅಧ್ಯಯನ ಮಾಡದೆ ಘಟ್ಟಕ್ಕೆ ಕೈಹಾಕಬಾರದೆಂಬುದು ಆ ತೀರ್ಪಿನ ಸಾರ. ಗೋವೆಯ ಯುವಜನರು ದೀಪ ಹಿಡಿದು ರಾತ್ರಿ ಹಳಿಯ ಮೇಲೆ ಕುಳಿತು ಕೇಳಿದ್ದೂ ಇದನ್ನೇ.

ಘಟ್ಟದ ಹಳ್ಳಿಗಳ ಪಾಲಿಗೆ ಈ ರೈಲು ಏನು ಕೊಟ್ಟಿದೆ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು. 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳಲ್ಲಿ ಕುಳಿತ ಪ್ರವಾಸಿಗರು ಜಲಪಾತಗಳ ಚಿತ್ರ ತೆಗೆಯುತ್ತ ಸಾಗುತ್ತಾರೆ. ಯಡಕುಮೇರಿ, ಸಿರಿಬಾಗಿಲುಗಳಲ್ಲಿ ರೈಲು ನಿಂತರೂ ಎದುರಿನ ಗಾಡಿಗೆ ದಾರಿ ಬಿಡಲೆಂದೇ ಹೊರತು ಊರಿನವರನ್ನು ಹತ್ತಿಸಿಕೊಳ್ಳಲೆಂದಲ್ಲ. ಮನೆಯ ಹಿಂದೆಯೇ ರೈಲಿನ ಸದ್ದು ಕೇಳುವ ಹೆಂಗಸು ಬಾಣಂತನಕ್ಕೆ ಜೀಪು ಹುಡುಕಬೇಕು. ಗುಡ್ಡ ಕುಸಿದಾಗ ತೋಟಕ್ಕೆ ಬಂದು ಬೀಳುವ ಮಣ್ಣು ಅವಳ ಪಾಲಿಗೆ, ನೋಟದ ಸೊಬಗು ದೂರದವರ ಪಾಲಿಗೆ. ಅಭಿವೃದ್ಧಿಯ ಭಾರ ಹೊರುವವರಿಗೆ ಅದರ ಫಲದಲ್ಲಿಯೂ ಪಾಲು ಸಿಗಬೇಕೆಂಬುದು ಸಾಮಾನ್ಯ ನ್ಯಾಯ.

ಆದುದರಿಂದ ಮಲೆನಾಡಿನ ಜನ ಕೇಳಬೇಕಾದದ್ದು ಇವಿಷ್ಟು. ಘಟ್ಟದಲ್ಲಿ ಎಲ್ಲೆಲ್ಲಿ, ಯಾವಾಗ, ಎಷ್ಟು ಕುಸಿತವಾಯಿತು, ಅದಕ್ಕೆ ಏನು ಮಾಡಲಾಯಿತು ಎಂಬ ವಿವರವನ್ನು ರೈಲ್ವೆ ಇಲಾಖೆ ಕನ್ನಡದಲ್ಲಿ ಪ್ರಕಟಿಸಿ ಗ್ರಾಮ ಪಂಚಾಯಿತಿಗಳಿಗೆ ಕೊಡಲಿ. ಯಾವುದೇ ಹೊಸ ಹಳಿಯ ಮಾತಿಗೆ ಮೊದಲು ಶಿರಾಡಿ ಪಟ್ಟಿಯ ಎಲ್ಲ ಯೋಜನೆಗಳ ಒಟ್ಟು ಪರಿಣಾಮದ ಅಧ್ಯಯನ ನಡೆಯಲಿ. ಕಾನೂನು ಕಡ್ಡಾಯಗೊಳಿಸದಿದ್ದರೂ ಅಹವಾಲು ಸಭೆಗಳು ಗ್ರಾಮಸಭೆಗಳಲ್ಲಿಯೇ ನಡೆಯಲಿ. ಇರುವ ಹಳಿಯಲ್ಲಿ ವಿದ್ಯುತ್ ಎಂಜಿನ್, ಉತ್ತಮ ಸಿಗ್ನಲ್, ಗಾಡಿ ದಾಟುವ ನಿಲ್ದಾಣಗಳ ಸುಧಾರಣೆಯಿಂದ ಎಷ್ಟು ರೈಲು ಹೆಚ್ಚಿಸಬಹುದೆಂಬುದನ್ನು ಮೊದಲು ತೋರಿಸಲಿ. ಮೋರಿ–ಚರಂಡಿಗಳನ್ನು ಮಳೆ ಬಂದ ಮೇಲಲ್ಲ, ಬೇಸಿಗೆಯಲ್ಲಿಯೇ ಬಿಡಿಸಲಿ. ಕುಸಿತದ ಮಣ್ಣನ್ನು ಹಳ್ಳಕ್ಕೆ ಸುರಿಯುವುದನ್ನು ನಿಲ್ಲಿಸಲಿ. ಬರಿದಾದ ಇಳಿಜಾರುಗಳಲ್ಲಿ ಅಕೇಶಿಯಾ ಬದಲು ಘಟ್ಟದ್ದೇ ಗಿಡ, ಹುಲ್ಲು, ಬಿದಿರುಗಳನ್ನು ಬೆಳೆಸಲಿ. ಘಟ್ಟದ ನಿಲ್ದಾಣಗಳಲ್ಲಿ ದಿನಕ್ಕೊಂದು ರೈಲಾದರೂ ಊರಿನವರಿಗಾಗಿ ನಿಲ್ಲಲಿ.

ಕೇಳುವವರಿಗೂ ಒಂದು ಹೊಣೆಯಿದೆ. ಊರಿನ ಶಾಲೆ–ಕಾಲೇಜುಗಳ ಮಕ್ಕಳು ಒಂದು ಮಳೆಮಾಪಕ, ಒಂದು ನೋಟ್‌ಪುಸ್ತಕ ಹಿಡಿದರೆ ಸಾಕು. ದಿನದ ಮಳೆ ಎಷ್ಟು, ಯಾವ ಒರತೆ ಯಾವ ತಿಂಗಳಲ್ಲಿ ಬತ್ತಿತು, ಯಾವ ದರೆಯಲ್ಲಿ ಬಿರುಕು ಕಂಡಿತು, ಹಳ್ಳದ ನೀರು ಯಾವ ದಿನ ಕೆಂಪಾಯಿತು ಎಂಬುದನ್ನು ದಿನಾಂಕದೊಂದಿಗೆ ಬರೆದಿಡಲಿ. ಹಳಿಯ ಮೇಲೆ ನಡೆಯುವುದು ಅಪರಾಧವೂ ಹೌದು, ಪ್ರಾಣಾಪಾಯವೂ ಹೌದು; ಈ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ. ಬೆಟ್ಟವನ್ನು ನೋಡುತ್ತ ಬೆಳೆದ ಹಿರಿಯರಿಗೆ ನೀರು ಎಲ್ಲಿ ನುಗ್ಗುತ್ತದೆ, ಯಾವ ಗುಡ್ಡ ‘ಬಾಯಿಬಿಡುತ್ತದೆ’ ಎಂಬುದು ಗೊತ್ತು. ಅವರ ತಿಳಿವಳಿಕೆ ಕಾಗದಕ್ಕೆ ಇಳಿದರೆ, ನಾಳೆ ಅಧಿಕಾರಿಯ ಮುಂದೆಯೂ ನ್ಯಾಯಾಲಯದ ಮುಂದೆಯೂ ಅದಕ್ಕೆ ತೂಕ ಬರುತ್ತದೆ.

ಮಂಗಳೂರಿಗೆ ಘಟ್ಟದ ರೈಲು ಬೇಕಿತ್ತು, ಬಂದಿದೆ. ಅದು ಉಳಿಯಬೇಕು, ಚೆನ್ನಾಗಿ ಓಡಬೇಕು. ಆದರೆ ಆ ಹಳಿಯನ್ನು ಹೊತ್ತು ನಿಂತಿರುವುದು ಬೆಟ್ಟ. ಬೆಟ್ಟವನ್ನು ಹಿಡಿದು ನಿಂತಿರುವುದು ಕಾಡು. ಕಾಡು ಉಳಿದರೆ ಹಳಿ ಉಳಿದೀತು. ಇಷ್ಟು ಸರಳವಾದ ಎಂಜಿನಿಯರಿಂಗ್ ಪಾಠವನ್ನು ಪ್ರತಿ ಮಳೆಗಾಲವೂ ಘಟ್ಟ ಹೇಳಿಕೊಡುತ್ತಿದೆ. ಇನ್ನೊಂದು ಜುಲೈ ಬರುವ ಮೊದಲೇ ಅದನ್ನು ಕಲಿತರೆ ಒಳಿತು.